ದ್ಯಾವಣ್ಣನಿಗೆ ಕೂಗಿದ ಮಾತು

ಆ ಮಾತನ್ನು ಬರೆಯಬಹುದು. ಬರೆದರೆ ಬೇರೆ ಮಾತುಗಳ ಹಾಗೆಯೇ ಹಾಳೆಯ ಮೇಲೆ ಸುಮ್ಮನೆ ಕೂತಿರುತ್ತದೆ: ಅದಟ. ಹಳೆಯ ಕಾವ್ಯಗಳಲ್ಲಿ ಶೂರನಾದವನಿಗೆ ಹೇಳುತ್ತಿದ್ದ ಮಾತು. ಈಗ ಯಾರೂ ಬಳಸುವುದಿಲ್ಲ. ನಮ್ಮ ಊರಿನಲ್ಲಿ ಬಳಸಲು ಬರುವುದೂ ಇಲ್ಲ. ಒಬ್ಬರನ್ನು ಕುರಿತು ಅದನ್ನು ಅನ್ನಲು ಹೋದರೆ ತುಟಿ ಆಡುತ್ತದೆ, ನಾಲಗೆ ಹೊರಳುತ್ತದೆ, ಉಸಿರು ಹೊರಗೆ ಬರುತ್ತದೆ, ದನಿ ಮಾತ್ರ ಬರುವುದಿಲ್ಲ. ಹಿಂದಿನ ಮಾತು ಕೇಳುತ್ತದೆ, ಮುಂದಿನ ಮಾತು ಕೇಳುತ್ತದೆ, ನಡುವೆ ಅಷ್ಟಗಲದ ಒಂದು ತೂತು ಉಳಿಯುತ್ತದೆ.

ಶಾಲೆಯಲ್ಲಿ ಹಳಗನ್ನಡ ಪದ್ಯ ಓದಿಸುವಾಗ ಆ ಮಾತು ಬಂದ ಕಡೆ ಮೇಷ್ಟ್ರು ಮೇಜಿನ ಮೇಲೆ ಬೆರಳಿನಿಂದ ಒಮ್ಮೆ ತಟ್ಟುತ್ತಿದ್ದರು. ನಾವೂ ಹಲಗೆ ತಟ್ಟಿ ಮುಂದಕ್ಕೆ ಹೋಗುತ್ತಿದ್ದೆವು. ನಾನು ಎಂ.ಎ. ಓದಲು ದೂರದ ಊರಿಗೆ ಹೋದಾಗ ಅಲ್ಲಿನ ಪ್ರಾಧ್ಯಾಪಕರೊಬ್ಬರು ಆ ಮಾತನ್ನು ಅನ್ನ, ನೀರು ಎಂದಷ್ಟೇ ಸಲೀಸಾಗಿ ಅಂದುಬಿಟ್ಟರು. ನಾನು ದಡಕ್ಕನೆ ಎದ್ದು ನಿಂತೆ. ಇಡೀ ತರಗತಿ ನಕ್ಕಿತು. ಹೊರಗಿನವರು ನಮ್ಮಲ್ಲಿಗೆ ಬಂದಾಗಲೂ ಹೀಗೆಯೇ ಪೇಚಾಟ. ಒಮ್ಮೆ ಯಾರೋ ದೊಡ್ಡವರು ಬಂದು ವೇದಿಕೆಯ ಮೇಲೆ ತಮ್ಮ ಮುಖಂಡರನ್ನು ಹೊಗಳುತ್ತ ಆ ಮಾತನ್ನು ಮೂರು ಸಲ ಅಂದರು, ಮೂರು ಸಲವೂ ದನಿ ಹೋಯಿತು. ಅವರು ಮೈಕ್ ಸೆಟ್ಟಿನವನನ್ನು ಎಲ್ಲರೆದುರು ಬೈದು ಹೋದರು. ಅವನು ವೈರು ಸುತ್ತುತ್ತ, "ಬುಡಿ ಸಾಮಿ, ನಮ್ಮ ಮೈಕು ಸುಳ್ಳು ಹೇಳಕ್ಕಿಲ್ಲ" ಅಂದಿದ್ದನ್ನು ಊರು ಇನ್ನೂ ನೆನೆಸಿಕೊಂಡು ನಗುತ್ತದೆ.

ಯಾರಾದರೂ ತೀರಿಕೊಂಡರೆ ಮಣ್ಣಿಗೆ ಒಯ್ಯುವ ಮುನ್ನ ಊರಬಾಗಿಲಿನ ಕಲ್ಲುಕಟ್ಟೆಯ ಮೇಲೆ ಇಳಿಸುತ್ತಾರೆ. ಕೂಗುವವನು ತಲೆಯ ಕಡೆ ನಿಂತು ಸತ್ತವರ ಹೆಸರು ಹೇಳಿ, ಆಮೇಲೆ ಆ ಮಾತನ್ನು ಒಂದೇ ಸಲ ಕೂಗುತ್ತಾನೆ. ಮನೆಯವರು ಬೇಡವೆಂದರೆ ಇಲ್ಲ. ಆದರೆ ಹೆಚ್ಚು ಕಡಿಮೆ ಎಲ್ಲರೂ ಕೂಗಿಸುತ್ತಾರೆ. ಬರುವುದಿಲ್ಲ ಎಂದು ಗೊತ್ತಿದ್ದೂ ಕೂಗಿಸುತ್ತಾರೆ. ಹೆಸರು ಕೇಳುತ್ತದೆ, ಆಮೇಲೆ ತೂತು. ಆ ಗಳಿಗೆಯಲ್ಲಿ ನೆರೆದವರೆಲ್ಲ ಒಟ್ಟಿಗೆ ಕೆಮ್ಮುತ್ತಾರೆ. ಮನೆಯವರು ಆ ಮೌನವನ್ನು ಪೂರ್ತಿ ಕೇಳಿಸಿಕೊಳ್ಳಬಾರದು ಎಂದು ಹಿರಿಯರು ಮಾಡಿಟ್ಟ ದಯೆ ಅದು.

ಆದರೆ ಬದುಕಿರುವವರ ಎದುರು ಕೆಮ್ಮಿದರೆ ಅದಕ್ಕಿಂತ ದೊಡ್ಡ ಬೈಗುಳವಿಲ್ಲ. ನಿನಗೆ ಆ ಮಾತು ಬರುವುದಿಲ್ಲ, ನಿನ್ನ ಹೆಣಕ್ಕೂ ಇದೇ ಗತಿ ಎಂದ ಹಾಗೆ. ಹಾಗಾಗಿ ನಮ್ಮಲ್ಲಿ ನೆಗಡಿಯಾದವರು ಬಾಯಲ್ಲಿ ಲವಂಗ ಇಟ್ಟುಕೊಂಡು ಓಡಾಡುತ್ತಾರೆ. ಕೆಮ್ಮು ತಡೆಯಲಾರದವರು ಗೋಡೆಯ ಕಡೆ ತಿರುಗಿ, "ತಮಗಲ್ಲ, ತಮಗಲ್ಲ" ಎಂದು ಕೈ ಆಡಿಸುತ್ತ ಕೆಮ್ಮುತ್ತಾರೆ. ವರ್ಗವಾಗಿ ಬಂದ ಡಾಕ್ಟರೊಬ್ಬರು ಎದೆಗೆ ಕೊಳವೆ ಇಟ್ಟು "ಕೆಮ್ಮಿ" ಅಂದಾಗ ಒಬ್ಬ ಮುದುಕ ಕೈಮುಗಿದು, "ತಮ್ಮಂಥೋರ ಎದುರ್ಗೆ ಹೆಂಗೆ ಬುದ್ಧಿ?" ಎಂದು ಅತ್ತುಬಿಟ್ಟಿದ್ದನಂತೆ.

ಕೂಗುವ ಕೆಲಸ ನಮ್ಮ ಮನೆಯದು. ನನಗಿಂತ ಮುಂಚೆ ನನ್ನ ಸೋದರಮಾವ ಗುರುಪಾದಯ್ಯ ಮೂವತ್ತೊಂದು ವರ್ಷ ಕೂಗಿದ. ಅಷ್ಟು ವರ್ಷಗಳಲ್ಲಿ ಮೂರು ಸಲ ಅವನ ಬಾಯಲ್ಲಿ ದನಿ ಬಂದಿತ್ತು. ಅದರಲ್ಲಿ ಒಂದು ಸಲ ನಾನು ಅಲ್ಲಿದ್ದೆ, ಒಂಬತ್ತು ವರ್ಷದವನು. ಸೂಲಗಿತ್ತಿ ಲಚ್ಚವ್ವ ಸತ್ತ ದಿನ. ಮಾವ ಎಂದಿನಂತೆ ಬಾಯಿ ತೆರೆದ. ನಾವೆಲ್ಲ ಕೆಮ್ಮಲು ಗಂಟಲು ಸಿದ್ಧ ಮಾಡಿಕೊಂಡಿದ್ದೆವು. ಆ ಮಾತು ಬಂತು. ದೊಡ್ಡ ದನಿಯೇನಲ್ಲ, ಮಾವನ ದಿನದ ದನಿಯೇ. ಆದರೆ ಊರಿನ ಕೊನೆಯ ಬೀದಿಯವರೆಗೆ ಮನೆಮನೆಯ ಕಂಚಿನ ಪಾತ್ರೆಗಳೆಲ್ಲ ಸಣ್ಣಗೆ ಗುಂಯ್ ಅಂದವು. ಒಳಗಿದ್ದ ಹೆಂಗಸರು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತರು. ಮಲಗಿದ್ದವರು ಎದ್ದು ಕೂತರು. ಆ ಮುದುಕಿಗೇ ಏಕೆ ಬಂತು ಎಂದು ಯಾರಿಗೂ ತಿಳಿಯಲಿಲ್ಲ. ತಿಳಿಯದೆಯೇ ಎಲ್ಲರೂ ನಿಂತಿದ್ದರು. ಮಾವನ ಮುಖ ಮಾತ್ರ ಹೆದರಿದವನ ಮುಖದಂತಿತ್ತು.

ಕೂಗುವವನ ಬಾಯಿಯಲ್ಲದೆ ಬೇರೆ ಬಾಯಿಗೆ ಆ ಮಾತನ್ನು ತರಬಾರದು ಎಂಬುದು ಕಟ್ಟುಪಾಡು. ತಂದರೆ ಗಂಟಲು ಕೊಳೆಯುತ್ತದೆ ಎಂದು ಮಕ್ಕಳ ತುಟಿಗೆ ಹೊಡೆದು ಕಲಿಸುತ್ತಾರೆ. ವಿಚಿತ್ರವೆಂದರೆ ಗಂಟಲು ಹೋಗಿದ್ದು ಮಾವನಿಗೇ. ಗಂಟಲಿನ ಗಂಟು ತೆಗೆಸಿದ ಮೇಲೆ ಅವನು ಒಂದು ಅಕ್ಷರವನ್ನೂ ಆಡಲಾರ. ಪದವಿ ಹಿಡಿದು, ಕೆಲಸ ಸಿಗದೆ ಊರಿಗೆ ಮರಳಿದ್ದ ನನ್ನನ್ನು ಕಟ್ಟೆಯ ಮೇಲೆ ನಿಲ್ಲಿಸಿದರು. ನನಗೆ ಬೇಸರವಾಗಲಿಲ್ಲ. ಮಾತಿಗಿಂತ ಮಾತು ನಿಂತ ಜಾಗದಲ್ಲೇ ಇರಲು ಇಷ್ಟಪಡುವವನು ನಾನು. ಬಾಯಿ ತೆರೆದು ಸೋಲುವುದೇ ಕೆಲಸವೆಂದರೆ ಅದಕ್ಕೆ ನಾನು ತಕ್ಕವನಿದ್ದೆ. ನಾಲ್ಕು ವರ್ಷ ಕೂಗಿದ್ದೆ. ಒಮ್ಮೆಯೂ ದನಿ ಬಂದಿರಲಿಲ್ಲ.

ಆಗ ದ್ಯಾವಣ್ಣ ಸತ್ತ.

ದ್ಯಾವಣ್ಣನ ಕಥೆ ನಾನು ಹುಟ್ಟುವ ಮೊದಲಿನದು. ಊರಿನ ಗರಡಿಯಲ್ಲಿ ಅವನೂ ಕೆಂಚಪ್ಪನೂ ಒಂದೇ ಜೋಡಿಯ ಪೈಲ್ವಾನರು. ಯಾರು ಮೇಲು ಎಂದು ತೀರ್ಮಾನಿಸಲು ಮೂವತ್ತನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ ಇಬ್ಬರನ್ನೂ ಕುಸ್ತಿಯ ಕಣಕ್ಕೆ ಇಳಿಸಿದರು. ಎಣ್ಣೆ, ಅರಿಸಿನ, ಮಜ್ಜಿಗೆ ಬೆರೆಸಿ ಹದ ಮಾಡಿದ ಕೆಮ್ಮಣ್ಣು. ಸುತ್ತ ಊರಿಗೆ ಊರೇ. ದ್ಯಾವಣ್ಣನದೇ ಮೇಲುಗೈ ಆಗಿತ್ತಂತೆ. ಕೆಂಚಪ್ಪನ ಕತ್ತು ಅವನ ತೋಳೊಳಗೆ ಸಿಕ್ಕಿತ್ತು. ಇನ್ನೇನು ಎತ್ತಿ ಹಾಕಬೇಕು, ಅಷ್ಟರಲ್ಲಿ ಇಬ್ಬರೂ ಕಂಬದ ಹಾಗೆ ನಿಂತುಬಿಟ್ಟರು. ಬಹಳ ಹೊತ್ತು. ಆಮೇಲೆ ದ್ಯಾವಣ್ಣ ತಾನಾಗಿ ಮೊಣಕಾಲು ಮಡಿಸಿ, ಮೂಟೆಯ ಹಾಗೆ ಅಂಗಾತ ಮಲಗಿಕೊಂಡ. ಕೆಂಚಪ್ಪ ಅವನ ಮೇಲಿದ್ದ. ದ್ಯಾವಣ್ಣನ ಎರಡು ಭುಜವೂ ಮಣ್ಣಿಗೆ ತಾಗಿದವು. ಚಿತ್, ಸೋತ ಲೆಕ್ಕ. ಯಾರೂ ಕೆಡವದೆ ಬಿದ್ದ ಪೈಲ್ವಾನನನ್ನು ಊರು ಅವತ್ತೇ ಮೊದಲು ನೋಡಿದ್ದು. ಜನರ ನಡುವೆ ಯಾರೋ ಒಬ್ಬ ಕೆಮ್ಮಿದ. ಆಮೇಲೆ ಎಲ್ಲರೂ.

ದ್ಯಾವಣ್ಣ ಮತ್ತೆ ಗರಡಿಯ ಮೆಟ್ಟಿಲು ಹತ್ತಲಿಲ್ಲ. ಗಾಡಿಗಳ ಗಾಲಿಗೆ ಪಟ್ಟಿ ಕಟ್ಟುವ ಕೆಲಸಕ್ಕೆ ಸೇರಿದ. ನಾನು ಕಂಡಾಗಲೇ ಅವನು ಬಾಗಿದ್ದ ದೊಡ್ಡ ಮೈಯವನು. ಬೀದಿಯಲ್ಲಿ ನಡೆದು ಹೋದರೆ ಎರಡೂ ಕಡೆಯ ಜಗಲಿಗಳಿಂದ ಕೆಮ್ಮು ಕೇಳುತ್ತಿತ್ತು. ಅವನು ತಲೆ ತಗ್ಗಿಸುತ್ತಿರಲಿಲ್ಲ, ಎತ್ತುತ್ತಲೂ ಇರಲಿಲ್ಲ. ಮಳೆಯಲ್ಲಿ ಅವಸರವಿಲ್ಲದೆ ನಡೆಯುವವರಿರುತ್ತಾರಲ್ಲ, ಹಾಗೆ ನಡೆಯುತ್ತಿದ್ದ. ನಾನೂ ಹುಡುಗನಾಗಿದ್ದಾಗ ಕೆಮ್ಮಿದ್ದೇನೆ. ಕೆಂಚಪ್ಪ ಗರಡಿಯ ಉಸ್ತಾದನಾದ. ಹೆಗಲ ಮೇಲೆ ದಪ್ಪ ಶಾಲು ಹೊದ್ದು, ಕತ್ತು ಒಂದಿಷ್ಟೂ ಹೊರಳಿಸದೆ ಇಡೀ ಮೈಯನ್ನೇ ತಿರುಗಿಸಿ ಜನರನ್ನು ನೋಡುತ್ತಿದ್ದ. ಗೆದ್ದವನ ಗತ್ತು ಎಂದುಕೊಂಡಿದ್ದೆವು.

ಸಾವಿನ ಬೆಳಿಗ್ಗೆ ದ್ಯಾವಣ್ಣನ ಮಗಳು ಸಾಕಮ್ಮ ನಮ್ಮ ಮನೆಗೆ ಬಂದಳು. ನಲವತ್ತರ ಹತ್ತಿರದ ಹೆಂಗಸು, ಗಂಡನ ಮನೆ ಬಿಟ್ಟು ಬಂದು ಅಪ್ಪನ ಜೊತೆಗೇ ಇದ್ದವಳು. ಅಳುತ್ತಿರಲಿಲ್ಲ.

"ಏನಪ್ಪ ಓದ್ದೋನೆ, ಎದ್ದಿದ್ದೀಯ? ನಮ್ಮಪ್ಪಂಗೆ ಕೂಗಬೇಕು."

"ಸಾಕಕ್ಕ, ಬೇಡ ಅನ್ನೋದಕ್ಕೂ ಅವಕಾಶ ಇದೆ. ಯಾರೂ ತಪ್ಪು ತಿಳಿಯೋದಿಲ್ಲ" ಅಂದೆ.

"ಯಾಕೆ ಬೇಡ?"

"ಎಲ್ಲರಿಗೂ ಬಾರದ ಹಾಗೆ ಇವರಿಗೂ ಬಾರದೆ ಹೋದರೆ..."

"ಎಲ್ಲಾರಿಗೂ ಬಾರದೆ ಓದ್ರೆ ಅದು ಬರಾಕಿಲ್ಲ ಅಷ್ಟೆ. ನಮ್ಮಪ್ಪಂಗೆ ಬಾರದೆ ಓದ್ರೆ ಊರು ಗೆದ್ದಂಗೆ. ಅದ್ನೇ ತಾನೆ ನೀ ಹೇಳಾಕ್ಕೆ ಬಂದಿದ್ದು?" ಅವಳು ಹೊಸ್ತಿಲ ಮೇಲೇ ಕೂತಳು. "ನೋಡಪ್ಪ, ನಾನು ನಾಕು ವರ್ಷದೋಳಿದ್ದಾಗಿಂದ ಈ ಕೆಮ್ಮು ಕೇಳ್ತಾ ಇವ್ನಿ. ನನ್ನ ಮದುವೇಲಿ ಧಾರೆ ಎರೆಯೋವಾಗ ಕೆಮ್ಮಿದ್ರು. ಅದ್ಕೇ ಆ ಗಂಡ ಆಡ್ಕೊಂಡ, ಅದ್ಕೇ ಬುಟ್ಟು ಬಂದೆ. ನಮ್ಮಪ್ಪನ್ನ ಒಂದಪ ಕೇಳಿದ್ದೆ, ಯಾಕಪ್ಪ ಮಲೀಕಂಡೆ ಅಂತ. 'ಸುಸ್ತಾಗಿತ್ತು ಕನವ್ವ' ಅಂದ. ಅಷ್ಟೆ. ಸುಸ್ತಾಗಿತ್ತಂತೆ! ಅವನು ಎಂಗೇ ಇರ್ಲಿ, ಇವತ್ತು ಒಂದು ತೀರ್ಮಾನ ಆಗ್ಬೇಕು. ಬಂದ್ರೆ ಬಂತು. ಬಾರದಿದ್ರೆ ನಾನೇ ಮೊದ್ಲು ಕೆಮ್ಮಿ ಮಣ್ಣು ಹಾಕ್ತೀನಿ. ಕೂಗು."

ನಾನು ಒಪ್ಪಿದೆ. ಒಪ್ಪಿದ್ದರಲ್ಲಿ ದೊಡ್ಡತನವೇನೂ ಇರಲಿಲ್ಲ. ಅವಳ ಮುಖ ನೋಡುತ್ತ ಇಲ್ಲವೆನ್ನಲು ನನಗೆ ಧೈರ್ಯವಿರಲಿಲ್ಲ.

ಹನ್ನೊಂದು ಗಂಟೆಯ ಹೊತ್ತಿಗೆ ಕಟ್ಟೆಯ ಸುತ್ತ ಊರು ನೆರೆದಿತ್ತು. ಮಡಿಕೆ ಮಾಡುವವರು ತಿಗುರಿ ನಿಲ್ಲಿಸಿ, ಕೈ ತೊಳೆಯದೆ ಹಾಗೆಯೇ ಬಂದಿದ್ದರು. ಗರಡಿಯ ಹುಡುಗರು ಒಂದು ಗುಂಪಾಗಿ ನಿಂತಿದ್ದರು. ಅವರ ಹಿಂದೆ, ಒಂದು ಕುರ್ಚಿಯಲ್ಲಿ, ಶಾಲು ಹೊದ್ದ ಕೆಂಚಪ್ಪ. ಅವನಿಗೆ ಆಗಲೇ ಎಪ್ಪತ್ತರ ಮೇಲೆ. ಇಷ್ಟು ಜನ ಯಾಕೆ ಬಂದಿದ್ದಾರೆ ಎಂದು ನನಗೆ ಗೊತ್ತಿತ್ತು. ಅವರಿಗೆ ದ್ಯಾವಣ್ಣನ ಮೇಲೆ ಹಗೆ ಇರಲಿಲ್ಲ. ಇಷ್ಟು ವರ್ಷ ತಾವು ಕೆಮ್ಮಿದ್ದು ಸರಿ ಎಂದು ಒಮ್ಮೆ ತಿಳಿದುಬಿಟ್ಟರೆ ಸಾಕಿತ್ತು. ನನಗೂ ಅಷ್ಟೇ ಬೇಕಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ನಾನು ತಲೆಯ ಕಡೆ ನಿಂತೆ. ಬಿಳಿ ಬಟ್ಟೆಯ ಕೆಳಗೂ ಅವನ ಭುಜಗಳು ಕಟ್ಟೆಯಷ್ಟೇ ಅಗಲವಾಗಿ ಕಾಣುತ್ತಿದ್ದವು. ಸಾಕಮ್ಮ ಕಾಲ ಕಡೆ, ಎರಡೂ ಕೈ ಕಟ್ಟಿ, ನನ್ನ ಬಾಯನ್ನೇ ನೋಡುತ್ತಿದ್ದಳು. "ಗರಡಿಬೀದಿಯ ಮಾಸ್ತಪ್ಪನ ಮಗ ದ್ಯಾವಣ್ಣ" ಎಂದು ಕೂಗಿದೆ. ಕೇಳಿತು. ಆಮೇಲೆ ಆ ಮಾತು. ಎದೆಯೊಳಗಿನ ಗಾಳಿಯನ್ನೆಲ್ಲ ಅದರ ಹಿಂದೆ ಇಟ್ಟು ಕೂಗಿದೆ. ಹಾಗೆ ಯಾರಿಗೂ ನಾನು ಕೂಗಿರಲಿಲ್ಲ.

ದನಿ ಬರಲಿಲ್ಲ.

ಯಾರೂ ಕೆಮ್ಮಲಿಲ್ಲ. ಇದು ನಾನು ಎಣಿಸಿರದ ಸಂಗತಿ. ಊರಿನ ಲೆಕ್ಕದಲ್ಲಿ ಈಗ ಕೆಮ್ಮುವುದೇ ದಯೆ. ಆದರೆ ಈ ಮನುಷ್ಯನಿಗೆ ಮೂವತ್ತನಾಲ್ಕು ವರ್ಷ ಕೆಮ್ಮಿ ಕೆಮ್ಮಿ ಆ ದಯೆಯನ್ನು ನಾವೇ ಕೆಡಿಸಿಕೊಂಡಿದ್ದೆವು. ಎಲ್ಲರ ಗಂಟಲಿನವರೆಗೂ ಬಂದದ್ದು ಅಲ್ಲೇ ನಿಂತಿತು. ಸಾಕಮ್ಮ ಬಾಯಿ ತೆರೆದಳು. ನಾನೇ ಮೊದಲು ಕೆಮ್ಮುತ್ತೇನೆ ಎಂದಿದ್ದವಳು ಅವಳು. ಅವಳಿಂದಲೂ ಆಗಲಿಲ್ಲ. ಹೀಗೆ ಆ ಮೌನವನ್ನು ಮುಚ್ಚುವವರಿಲ್ಲದೆ, ನಮ್ಮ ಊರಿನಲ್ಲಿ ಬಹುಶಃ ಮೊದಲ ಸಲ, ಅದು ಪೂರ್ತಿಯಾಗಿ ಕೇಳಿಸಿತು. ನಾನು ಮೌನವನ್ನು ಬಲ್ಲೆ ಎಂದುಕೊಂಡಿದ್ದವನು. ಅಂಥದ್ದನ್ನು ಬಲ್ಲವನಾಗಿರಲಿಲ್ಲ. ಅದರೊಳಗೆ ಕಟ್ಟೆಯ ಮೇಲಿನ ಹೂವಿನ ಮೇಲೆ ಒಂದು ಜೇನುಹುಳ ಓಡಾಡುತ್ತಿದ್ದುದು ಕೇಳುತ್ತಿತ್ತು. ಯಾರದೋ ಮೂಗಿನ ಉಸಿರು ಕೇಳುತ್ತಿತ್ತು.

ಆಗ ಆ ಮಾತು ಬಂತು.

ಹಿಂದಿನಿಂದ ಬಂತು. ಒಡೆದ, ಸಣ್ಣ, ಮುದುಕನ ದನಿ. ತನಗೆ ತಾನೇ ಹೇಳಿಕೊಳ್ಳುವ ಹಾಗೆ. ಆದರೆ ಅದು ಮುಗಿಯುವ ಮೊದಲೇ ಬೀದಿಗಳ ಒಳಗಿಂದ ಗುಂಯ್ ಎಂಬ ನಾದ ಏಳತೊಡಗಿತು. ಅಡುಗೆಮನೆಗಳ ಚೊಂಬು, ತಟ್ಟೆ, ಹಂಡೆಗಳು, ದೇವರ ಮನೆಯ ಗಂಟೆಗಳು. ಲಚ್ಚವ್ವನ ದಿನದ್ದಕ್ಕಿಂತ ಆಳವಾದ ನಾದ. ಅದು ಪಾದದ ಕೆಳಗಿನ ನೆಲದಿಂದ ಮೊಣಕಾಲಿಗೆ ಏರಿತು. ಕೂತಿದ್ದವರೆಲ್ಲ ಎದ್ದರು. ನಾನು ಕಟ್ಟೆಯನ್ನು ಹಿಡಿದುಕೊಂಡೆ. ಕಲ್ಲು ಬೆಚ್ಚಗಿತ್ತು, ಬಿಸಿಲಿಗೋ ಯಾವುದಕ್ಕೋ.

ಕೆಂಚಪ್ಪ ಕುರ್ಚಿಯಿಂದ ಎದ್ದು ನಿಂತಿದ್ದ. ತನ್ನ ಬಾಯಿಯನ್ನು ತಾನೇ ಮುಟ್ಟಿ ನೋಡಿಕೊಳ್ಳುತ್ತಿದ್ದ. ಜನ ಅವನಿಗೆ ದಾರಿ ಬಿಟ್ಟರು. ಅವನು ಬಂದು ದ್ಯಾವಣ್ಣನ ತಲೆಯ ಬಳಿ ನೆಲದ ಮೇಲೆ ಕೂತ. ಶಾಲು ತೆಗೆದ. ಅವನ ಕತ್ತಿನ ಹಿಂಭಾಗದಲ್ಲಿ, ಎರಡು ಮೂಳೆಗಳ ನಡುವೆ, ಬೆರಳಿಡುವಷ್ಟು ಒಂದು ಗುಳಿ ಇತ್ತು.

"ಅವತ್ತು ಒಂದು ಸದ್ದಾಯ್ತು," ಅಂದ. "ಲಟಕ್ ಅಂತ. ನಂಗೂ ಇವ್ನಿಗೂ ಮಾತ್ರ ಕೇಳ್ತು. ನನ್ನ ಕೈ ಇಲ್ಲ, ಕಾಲಿಲ್ಲ. ಕುತ್ಗೆಯಿಂದ ಕೆಳಗೆ ಏನೂ ಇಲ್ಲ. ಇವನು ಕೈ ಬುಟ್ಟಿದ್ರೆ ನಾನು ಅಲ್ಲೇ ಮಣ್ಣಾಗ್ತಿದ್ದೆ. ಬುಡ್ಲಿಲ್ಲ. ನಿಲ್ಲಿಸ್ಕೊಂಡೇ ಇದ್ದ. ನೀವು ಕುಸ್ತಿ ಅಂದ್ಕೊಂಡ್ರಿ. ನನ್ನ ಕಿವೀಲಿ ಹೇಳ್ದ, 'ಕೆಂಚಾ, ಅಲ್ಲಾಡ್ಬೇಡ ಕಲಾ. ಉಸ್ರಾಡು. ನಾನಿವ್ನಿ.' ಎಷ್ಟೊತ್ತೋ. ಬೆರಳ ತುದೀಲಿ ಜುಮ್ ಅಂತು. ಆಗ ನನ್ನ ತಲೆ ಅಲುಗದಂಗೆ ಎದೆಗೆ ಒತ್ಕೊಂಡು, ತಾನು ಕೆಳಗಾಗಿ, ನನ್ನ ತನ್ನ ಮ್ಯಾಲೆ ಇಳಿಸ್ಕೊಂಡ. ಹಾಸಿಗೆ ಹಾಸ್ದಂಗೆ ಹಾಸ್ಕೊಂಡ. ನಾನೇನು ಗೆಲ್ಲಲಿಲ್ಲ. ಅವನ ಮ್ಯಾಲೆ ಹೆಣದಂಗೆ ಬಿದ್ದಿದ್ದೆ. ನೀವೆಲ್ಲ ಬಂದು ನನ್ನ ಎತ್ತಿದ್ರಿ."

ಸಾಕಮ್ಮ ಕೇಳಿದಳು, "ಮತ್ತೆ ಯಾಕೆ ಹೇಳ್ಲಿಲ್ಲ?"

ಕೆಂಚಪ್ಪ ಅವಳ ಕಡೆ ನೋಡಲಿಲ್ಲ. "ನಾಳೆ ಹೇಳಾನ ಅಂದ್ಕೊಂಡೆ ಕನವ್ವ. ಆ ನಾಳೆ ದಿನ ನನ್ನ ಉಸ್ತಾದ್ ಮಾಡಿದ್ರು. ಆಮೇಲೆ ನಾಳೆ ಅಂದ್ಕೊಂಡೆ. ಇವನು ಬಂದು 'ನಿಜ ಹೇಳು ಕಲಾ' ಅನ್ಲೇ ಇಲ್ಲ. ಬೀದೀಲಿ ಸಿಕ್ರೆ ಕುತ್ಗೆ ಹೆಂಗದೆ ಅಂತ ಕಣ್ಣಲ್ಲೇ ಕೇಳೋನು. ನೀವು ಕೆಮ್ತಿದ್ರಿ. ಅವನು ಕಣ್ಣಲ್ಲಿ ಅದ್ನ ಕೇಳ್ಕೊಂಡು ಓಗೋನು."

ನಾವು ದ್ಯಾವಣ್ಣನನ್ನು ಮಣ್ಣು ಮಾಡಿದೆವು. ಅವನನ್ನು ಹೊರಲು ಬಂದವರು ಎಷ್ಟು ಜನವೆಂದರೆ ಹೆಗಲಿಗೆ ಹೆಗಲು ಸಿಗದೆ ದಾರಿಯುದ್ದಕ್ಕೂ ಹೆಣ ಕೈಯಿಂದ ಕೈಗೆ ಹೋಯಿತು. ಸಾಕಮ್ಮ ಅತ್ತಳು, ಅಷ್ಟು ಹೊತ್ತಿಗೆ.

ಮಾರನೆಯ ದಿನ ನಾನು ಅಮ್ಮನನ್ನು ಕೇಳಿದೆ, ಲಚ್ಚವ್ವ ಮಾವನಿಗೆ ಏನಾಗಬೇಕಿತ್ತು ಎಂದು. ಅಮ್ಮ ಅಕ್ಕಿ ಆರಿಸುತ್ತಿದ್ದಳು. "ಏನೂ ಇಲ್ಲ. ಊರಿಗೆ ಬೇನೆ ಬಂದು ಎಲ್ಲರೂ ಗುಡಿಸಲು ಬಿಟ್ಟು ಓಡಿದಾಗ ನಿಮ್ಮ ಮಾವ ಮೂರು ವರ್ಷದ ಕೂಸು. ಸತ್ತಿದೆ ಅಂದ್ಕೊಂಡು ಬಿಟ್ಟಿದ್ರು. ಆವಮ್ಮ ಒಬ್ಬಳೇ ವಾಪಸ್ ಹೋಗಿ ಎತ್ಕೊಂಡು ಬಂದ್ಲು. ಯಾಕೆ?" ಮಾವನ ಬಾಯಲ್ಲಿ ದನಿ ಬಂದಿದ್ದ ಉಳಿದಿಬ್ಬರ ವಿಷಯವನ್ನು ನಾನು ಕೇಳಲು ಹೋಗಲಿಲ್ಲ. ಮಾವ ಒಳಕೋಣೆಯಲ್ಲಿ ಮಂಚದ ಮೇಲೆ ಕೂತಿದ್ದ. ಅವನ ಎದುರು ನಿಂತು, "ನಿಂಗೆ ಗೊತ್ತಿತ್ತಾ?" ಎಂದೆ. ಒಬ್ಬರು ಯಾರಿಗಾಗಿ ನಿಂತಿದ್ದರೋ ಅವರ ಬಾಯಿಗೆ ಮಾತ್ರ ಆ ಮಾತು ಬರುತ್ತದೆ ಎಂದು ನಿನಗೆ ಗೊತ್ತಿತ್ತಾ, ಗೊತ್ತಿದ್ದೂ ಮೂವತ್ತೊಂದು ವರ್ಷ ನೀನೊಬ್ಬನೇ ಕೂಗಿದೆಯಾ, ಎಂದು ಕೇಳಲು ಹೋಗಿದ್ದೆ. ಅಷ್ಟನ್ನು ಕೇಳುವ ಅಗತ್ಯ ಬೀಳಲಿಲ್ಲ. ಅವನು ನನ್ನನ್ನು ನೋಡಿ, ತನ್ನ ಅಂಗೈಯನ್ನು ತನ್ನ ಬಾಯಿಯ ಮೇಲೆ ಇಟ್ಟುಕೊಂಡ. ಇಟ್ಟ ಕೈ ತೆಗೆಯಲಿಲ್ಲ.

ಎಷ್ಟು ಹೆಣಗಳ ಮೇಲೆ ನಾವು ಕೆಮ್ಮಿದ್ದೇವೆ ಎಂದು ಊರಿಗೂ ಹೊಳೆಯತೊಡಗಿತ್ತು. ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಬಾವಿಕಟ್ಟೆಯಲ್ಲಿ, ಅಂಗಡಿಯ ಮುಂದೆ ಜನ ತುಟಿ ಬಿಗಿದುಕೊಂಡು ನಿಂತಿರುತ್ತಿದ್ದರು. ಪ್ರತಿಯೊಬ್ಬರ ನಾಲಗೆಯ ಮೇಲೂ ಒಂದು ಹೆಸರು ಕೂತಿತ್ತು. ಅದರ ಹಿಂದೆ ಆ ಮಾತನ್ನು ಇಟ್ಟು ನೋಡುವ ಧೈರ್ಯ ಯಾರಿಗೂ ಇರಲಿಲ್ಲ. ಬಾರದೆ ಹೋದರೆ ಎಂಬ ಹೆದರಿಕೆ ಕೆಲವರಿಗೆ, ಬಂದುಬಿಟ್ಟರೆ ಎಂಬುದು ಇನ್ನು ಕೆಲವರಿಗೆ. ಕೈಗೆ ಸಿಕ್ಕ ಸುಲಭದ ಕೆಲಸವೆಂದರೆ ಕೆಂಚಪ್ಪ. ಗರಡಿಯ ಗೋಡೆಯಿಂದ ಅವನ ಪಟ ಇಳಿಯಿತು. ಮಣ್ಣಾದ ದಿನವೇ ಸಂಜೆ ಅವನು ನೀರಿಗೆಂದು ಹೊರಬಂದಾಗ ಒಂದು ಜಗಲಿಯಿಂದ ಕೆಮ್ಮು ಕೇಳಿತು. ಮರುದಿನ ಬೆಳಿಗ್ಗೆ ನಾಲ್ಕು ಜಗಲಿಗಳಿಂದ. ಆಮೇಲೆ ಅವನು ಹೊರಗೆ ಬರಲಿಲ್ಲ.

ಮೂರನೆಯ ದಿನ ಹಾಲುತುಪ್ಪ. ಮಣ್ಣು ಮಾಡಿದ ಗುದ್ದದ ಮೇಲೆ ಹಾಲು ಬಿಟ್ಟು ಬರುವಾಗ ಸಾಕಮ್ಮ ನನ್ನ ತೋಳು ಹಿಡಿದಳು. "ಬಾ, ಕೆಂಚಪ್ಪನ ಮನೇಗೆ ಓಗೋದದೆ."

"ಯಾಕೆ ಸಾಕಕ್ಕ?"

"ಕೂಗೋನಲ್ವಾ ನೀನು? ಸಾಕ್ಷಿಗೆ ಬಾ." ಅವಳು ಬಿರುಸಾಗಿ ನಡೆಯುತ್ತಿದ್ದಳು. "ಅವನ ಮುಂದೆ ನಿಂತು, ಅವನ ಹೆಸರು ಹಿಡಿದು, ಆ ಮಾತು ಅಂತೀನಿ. ಬರಾಕಿಲ್ಲ. ಎಲ್ಲಿಂದ ಬಂದಾತು? ಆಮೇಲೆ ಕೆಮ್ತೀನಿ ನೋಡು. ಊರೋರು ಕೆಮ್ಮೋದು ಒಂದು, ನಾನು ಕೆಮ್ಮೋದು ಒಂದು. ಮೂವತ್ನಾಕು ವರ್ಷದ್ದು ಒಂದೇ ಸಲ ಕೆಮ್ತೀನಿ. ಅದ್ನ ಕೇಳ್ಕೊಂಡು ಸಾಯ್ಲಿ."

"ಬದುಕಿರೋರಿಗೆ ಯಾರೂ ಕೂಗಿಲ್ಲ, ಸಾಕಕ್ಕ."

"ನಮ್ಮಪ್ಪ ಬದುಕಿದ್ದಾಗ ಯಾರಾದ್ರೂ ಕೂಗಿದ್ರೆ ಆಗ್ತಿತ್ತಲ್ಲ? ಯಾರು ಬ್ಯಾಡ ಅಂದಿದ್ರು ಇವ್ನಿಗೆ? ಸತ್ತ ಮ್ಯಾಲೆ ಬಾಯಿ ಬುಟ್ಟ, ದೊಡ್ಡ ಮನುಸ."

ನಾನು ಅವಳ ಹಿಂದೆಯೇ ನಡೆದೆ.

ಕೆಂಚಪ್ಪ ಬಾಗಿಲು ಮುಚ್ಚಿಕೊಂಡು ನಡುಮನೆಯಲ್ಲಿ ಕೂತಿದ್ದ. ಒಲೆ ಹಚ್ಚಿದ ಗುರುತು ಇರಲಿಲ್ಲ. ಮನೆಯಲ್ಲಿ ಅವನೊಬ್ಬನೇ. ಸಾಕಮ್ಮ ಬಾಗಿಲು ದೂಡಿದ್ದನ್ನು ಕೇಳಿ ಇಡೀ ಮೈ ತಿರುಗಿಸಿ ನೋಡಿದ. ಶಾಲು ಇಲ್ಲದ ಅವನ ಭುಜಗಳು ಎಷ್ಟು ಇಳಿದುಹೋಗಿವೆ ಎಂದು ನನಗೆ ಆಗಲೇ ತಿಳಿದದ್ದು. ಅವಳು ಏಕೆ ಬಂದಿದ್ದಾಳೆ ಎಂದು ಅವನಿಗೆ ಗೊತ್ತಾಗಿರಬೇಕು. ಗೋಡೆಗೆ ಕೈ ಕೊಟ್ಟು ಕಷ್ಟಪಟ್ಟು ಎದ್ದ. ಕುಸ್ತಿಯ ಕಣಕ್ಕೆ ಇಳಿದವನ ಹಾಗೆ ಎರಡೂ ಕೈ ಕೆಳಗೆ ಬಿಟ್ಟು ಅವಳ ಎದುರಿಗೆ ನಿಂತ.

"ಬಾ ಮಗ," ಅಂದ. "ಅದೇನಂತೀಯೋ ಅನ್ನು. ನಿಂತಿವ್ನಿ."

"ಒಂದು ಮಾತು ಕೇಳ್ತೀನಿ ಮೊದ್ಲು," ಅಂದಳು ಸಾಕಮ್ಮ. "ಅವತ್ತು ಕಟ್ಟೆ ತಾವ, ನಮ್ಮಪ್ಪಂಗೆ ಬರ್ಲಿಲ್ಲ ಅಂತ ನಾನು ಕೆಮ್ಮಾಕ್ಕೆ ಬಾಯ್ ತೆಗೆದಿದ್ದೆ. ನೀನು ಸುಮ್ಕೆ ಇದ್ದಿದ್ರೆ ಮುಗೀತಿತ್ತು. ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಉಸ್ತಾದ್ ಆಗೇ ಸಾಯ್ತಿದ್ದೆ. ಯಾಕಂದೆ?"

"ನೀನು ಕೆಮ್ಮಾಕ್ಕೋದೆ ನೋಡು," ಅಂದ. "ನಿನ್ನ ಮೊಕ ನೋಡ್ದೆ. ಆಗಕ್ಕಿಲ್ಲ ಅನ್ನಿಸ್ತು. ಇನ್ನೇನೂ ಇಲ್ಲ."

ಸಾಕಮ್ಮ, ಹೇಳಲೆಂದು ಬಂದದ್ದನ್ನು ಹೇಳದೆ ಹೋಗಬಾರದು ಎನ್ನುವವಳ ಹಾಗೆ, ಗದ್ದ ಎತ್ತಿ, ಅವನ ಹೆಸರು ಹಿಡಿದಳು. "ಕೆಂಚಪ್ಪ" ಅಂದಳು. ಅದರ ಹಿಂದೆಯೇ ಆ ಮಾತನ್ನು ಎಸೆದಳು.

ಮಾತು ಬಂತು.

ಸ್ಪಷ್ಟವಾಗಿ, ಮೂರೂ ಅಕ್ಷರ, ಅವಳದೇ ಒರಟು ದನಿಯಲ್ಲಿ. ನಡುಮನೆಯ ಮೂಲೆಯಲ್ಲಿದ್ದ ಹಂಡೆ ಮೊದಲು ಮಿಡಿಯಿತು. ಆಮೇಲೆ ಪಕ್ಕದ ಮನೆ, ಅದರಾಚೆಯ ಮನೆ, ಬೀದಿ, ಆಚೆ ಬೀದಿ. ಸಾಕಮ್ಮ ಹಿಂದಕ್ಕೆ ಒಂದು ಹೆಜ್ಜೆ ಇಟ್ಟಳು. ತಾನು ಎಸೆದದ್ದು ತನ್ನ ಕೈಗೇ ಬೇರೇನೋ ಆಗಿ ಬಂದ ಹಾಗೆ ಅವಳು ತನ್ನ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದಳು. ಕೆಂಚಪ್ಪ ಕಣ್ಣು ಮುಚ್ಚಿ, ಏಟು ಬೀಳಲಿ ಎಂದು ಕಾಯುತ್ತಲೇ ನಿಂತಿದ್ದ; ಅದು ಏನೆಂದು ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಅವನ ಕಾಲು ನಿಲ್ಲಲಿಲ್ಲ. ಸಾಕಮ್ಮ ಓಡಿಹೋಗಿ ಅವನ ಕತ್ತಿನ ಹಿಂದೆ ಕೈ ಕೊಟ್ಟು ಹಿಡಿದುಕೊಂಡಳು. ಇಬ್ಬರೂ ಹಾಗೆಯೇ ನೆಲಕ್ಕೆ ಕೂತರು.

ಸತ್ತವರಿಗೆ ಆ ಮಾತು ಬಂದರೆ ಏನು ಮಾಡಬೇಕೆಂದು ಕ್ರಮ ಇದೆ. ಎದ್ದು ನಿಲ್ಲಬೇಕು, ಹೊರಬೇಕು, ಮಣ್ಣು ಕೊಡಬೇಕು. ಬದುಕಿರುವವನಿಗೆ ಬಂದರೆ ಏನು ಮಾಡಬೇಕು ಎಂದು ನನಗೆ ಯಾರೂ ಕಲಿಸಿರಲಿಲ್ಲ. ನಾನು ಹೊಸ್ತಿಲ ಮೇಲೆ ನಿಂತೇ ಇದ್ದೆ. ಅಷ್ಟರಲ್ಲಿ ಬೀದಿಯ ಬಾಗಿಲುಗಳೆಲ್ಲ ತೆರೆದಿದ್ದವು. ನಿನ್ನೆ ಕೆಮ್ಮಿದ್ದ ಜಗಲಿಗಳಿಂದಲೂ ಜನ ಇಳಿದು ಬರುತ್ತಿದ್ದರು. ಒಬ್ಬಳ ಕೈಯಲ್ಲಿ ಇನ್ನೂ ಮಿಡಿಯುತ್ತಿದ್ದ ತಟ್ಟೆಯಿತ್ತು. ಅವರಲ್ಲಿ ಮುಂದಿದ್ದ ಮುದುಕಿ ನನ್ನನ್ನು ನೋಡಿ, ತಲೆಯ ಮೇಲೆ ಸೆರಗು ಎಳೆದುಕೊಂಡು, ಮೆಲ್ಲಗೆ ಕೇಳಿದಳು.

"ಯಾರು ಸತ್ರಪ್ಪ?"

"ಯಾರೂ ಸತ್ತಿಲ್ಲ," ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿತು. "ಯಾರೂ ಸತ್ತಿಲ್ಲ ಕಣಜ್ಜಿ. ಒಳಗೆ ಇದಾರೆ. ಬನ್ನಿ."